ಕಣ್ಣಿಗೆ ಬೀಳದ ಏರಿಯಲ್

ತುಮಕೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಹೊರಟರೆ ಕ್ಯಾತ್ಸಂದ್ರ ದಾಟಿದ ಮೇಲೆ ಸಿಗುವ ನಿಲ್ದಾಣ ಹಿರೇಹಳ್ಳಿ. ಪಕ್ಕದಲ್ಲೇ ಹೆದ್ದಾರಿ, ಅದರ ಮಗ್ಗುಲಲ್ಲಿ ಕಾರ್ಖಾನೆಗಳು. ಇಂಥ ಕಡೆ ತಾವು ನಾಲ್ಕು ಅಂತಸ್ತಿನ ಕಟ್ಟಡದ ಒಂದು ಮನೆಯಲ್ಲಿ ಬಾಡಿಗೆಗಿದ್ದೀರಿ ಎಂದಿಟ್ಟುಕೊಳ್ಳಿ. ಬೆಳಗಿನ ಕಾಫಿಯ ಹೊತ್ತಿಗೆ ಬೆಂಗಳೂರು ನಿಲಯವನ್ನು ಹಾಕುತ್ತೀರಿ. ವಾರ್ತೆಯ ಬದಲು ಒಗ್ಗರಣೆ ಸಿಡಿದಂಥ ಸದ್ದು ಕೇಳುತ್ತದೆ. ಕಾಂಕ್ರೀಟಿನೊಳಗಿನ ಕಬ್ಬಿಣದ ಸರಳುಗಳು ಅಲೆಗಳನ್ನು ತಡೆದು ನಿಂತಿವೆ. ಮೇಲಕ್ಕೆ ಹೋಗಿ ಒಂದು ತಂತಿ ಕಟ್ಟೋಣವೆಂದರೆ ತಾರಸಿ ಎಲ್ಲರಿಗೂ ಸೇರಿದ್ದು. ಕಟ್ಟಡದ ಅಂದ ಕೆಡುತ್ತದೆಂದು ಆಕ್ಷೇಪಣೆ ಬರುತ್ತದೆ. ಆಗ ಮನಸ್ಸಿನಲ್ಲಿ ಒಂದು ಯೋಚನೆ ಮೂಡುತ್ತದೆ: ಯಾರ ಕಣ್ಣಿಗೂ ಬೀಳದಂತೆ ಏರಿಯಲ್ ಕಟ್ಟಲು ಸಾಧ್ಯವೆ?

ಈ ಯೋಚನೆ ಹೊಸದಲ್ಲ. ರೇಡಿಯೋದ ಚರಿತ್ರೆಯಲ್ಲಿ ಏರಿಯಲ್ಲನ್ನು ಮೆರೆಸಿದ ಕಾಲವೂ ಉಂಟು, ಮರೆಸಿದ ಕಾಲವೂ ಉಂಟು. ಎರಡನ್ನೂ ಸ್ವಲ್ಪ ನೆನೆಯೋಣ.

ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರ ಸೆಪ್ಟೆಂಬರ್ ೧೦ರಂದು ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದ ಪ್ರಸಾರವನ್ನು ಆರಂಭಿಸಿದರು. ಮೊದಲ ಯಂತ್ರದ ಶಕ್ತಿ ೩೦ ವ್ಯಾಟ್, ಎಂದರೆ ಒಂದು ಮಂಕು ದೀಪಕ್ಕೆ ಬೇಕಾಗುವಷ್ಟು. ‘ಆಕಾಶವಾಣಿ’ ಎಂಬ ಹೆಸರು ಬಾನುಲಿಗೆ ಅಂಟಿದ್ದು ಆ ಮನೆಯಲ್ಲಿಯೇ. ಇಷ್ಟು ಸಣ್ಣ ದನಿಯನ್ನು ಹಿಡಿಯಬೇಕಾದರೆ ಕೇಳುವವರ ಮನೆಯ ಮೇಲೆ ಒಳ್ಳೆಯ ತಂತಿಯೇ ಇರಬೇಕಾಗಿತ್ತು. ಎರಡು ಬಿದಿರು ಗಳು, ಅಥವಾ ಒಂದು ಗಳು ಮತ್ತು ಹಿತ್ತಲ ತೆಂಗಿನ ಮರ. ನಡುವೆ ಹತ್ತು ಹದಿನೈದು ಮೀಟರ್ ತಾಮ್ರದ ತಂತಿ. ಎರಡು ತುದಿಗೂ ಪಿಂಗಾಣಿಯ ಗುಂಡು. ಅಲ್ಲಿಂದ ಕಿಟಕಿಯೊಳಗೆ ಇಳಿಯುವ ಎಳೆ. ಇನ್ನೊಂದು ಎಳೆ ಗೋಡೆಯ ಬುಡದ ಒದ್ದೆ ಮಣ್ಣಿಗೆ. ಬೇಸಿಗೆಯಲ್ಲಿ ಆ ಮಣ್ಣಿಗೆ ಒಂದು ಚೊಂಬು ನೀರೆರೆಯುವುದು ಮನೆಯ ಹುಡುಗರ ಕೆಲಸ. ಬೀದಿಯಲ್ಲಿ ಹೋಗುವವರು ತಲೆಯೆತ್ತಿ ನೋಡಿದರೆ ‘ಈ ಮನೆಯಲ್ಲಿ ರೇಡಿಯೋ ಇದೆ’ ಎಂದು ಆ ತಂತಿಯೇ ಸಾರುತ್ತಿತ್ತು. ಅದನ್ನು ಬಚ್ಚಿಡುವ ಮಾತೆಲ್ಲಿ ಬಂತು?

ಆದರೆ ಮನೆಯ ಅಂತಸ್ತನ್ನು ಸಾರುವ ತಂತಿ ಮನೆಯ ಗುಟ್ಟನ್ನೂ ಸಾರಬಲ್ಲುದು. ಬ್ರಿಟಿಷ್ ಇಂಡಿಯಾದಲ್ಲಿ ೧೯೩೩ರ ನಿಸ್ತಂತು ಕಾಯಿದೆಯ ಪ್ರಕಾರ ಪರವಾನಗಿ ಇಲ್ಲದೆ ರೇಡಿಯೋ ಇಟ್ಟುಕೊಳ್ಳುವುದು ಅಪರಾಧವಾಯಿತು. ಸ್ವಾತಂತ್ರ್ಯಾನಂತರವೂ ಬಹುಕಾಲ ನಮ್ಮ ಮನೆಗಳವರು ವರ್ಷವರ್ಷವೂ ಅಂಚೆ ಕಚೇರಿಗೆ ಹೋಗಿ ಹಣ ಕಟ್ಟಿ ಲೈಸೆನ್ಸ್ ಪುಸ್ತಕಕ್ಕೆ ಮುದ್ರೆ ಹಾಕಿಸಿಕೊಂಡು ಬರಬೇಕಾಗಿತ್ತು. ಆ ಕಟ್ಟಳೆ ೧೯೮೦ರ ದಶಕದಲ್ಲಿ ರದ್ದಾಯಿತು. ಅಲ್ಲಿಯವರೆಗೆ ಲೈಸೆನ್ಸ್ ಇಲ್ಲದ ಮನೆಯ ಮೇಲೆ ಏರಿಯಲ್ ಇದ್ದರೆ ಬೇರೆ ಸಾಕ್ಷಿಯೇ ಬೇಕಿರಲಿಲ್ಲ.

ಎರಡನೆಯ ಮಹಾಯುದ್ಧ ಬಂದಾಗ ಈ ಸಾಕ್ಷಿ ಪ್ರಾಣಕ್ಕೇ ಎರವಾಯಿತು. ಜರ್ಮನಿಯಲ್ಲಿ ೧೯೩೯ರ ಸೆಪ್ಟೆಂಬರಿನಿಂದ ಹೊರದೇಶದ ನಿಲಯವನ್ನು ಕೇಳುವುದೇ ದಂಡನೆಗೆ ಗುರಿಯಾದ ಕೆಲಸ. ಜರ್ಮನರ ವಶದಲ್ಲಿದ್ದ ಹಾಲೆಂಡಿನಲ್ಲಿ ೧೯೪೩ರ ಮೇ ತಿಂಗಳಲ್ಲಿ ಜನರ ರೇಡಿಯೋಗಳನ್ನೆಲ್ಲ ಒಪ್ಪಿಸಬೇಕೆಂದು ಅಪ್ಪಣೆಯಾಯಿತು. ಹಲವರು ಹಳೆಯದೊಂದನ್ನು ಒಪ್ಪಿಸಿ ಒಳ್ಳೆಯದನ್ನು ನೆಲದ ಹಲಗೆಯ ಕೆಳಗೆ ಬಚ್ಚಿಟ್ಟುಕೊಂಡು ಲಂಡನ್ನಿನ ವಾರ್ತೆ ಕೇಳಿದರು. ನಮ್ಮಲ್ಲಿಯೂ ಯುದ್ಧ ಆರಂಭವಾದೊಡನೆ ಹವ್ಯಾಸಿಗಳು ತಮ್ಮ ಪ್ರಸಾರಯಂತ್ರಗಳನ್ನು ಪೊಲೀಸರಿಗೆ ಒಪ್ಪಿಸಬೇಕಾಯಿತು.

ಇಲ್ಲಿ ಒಂದು ಸೂಕ್ಷ್ಮವನ್ನು ತಿಳಿಯಬೇಕು. ಕೇಳುವ ತಂತಿಯನ್ನು ಮರೆಮಾಡುವುದು ಸುಲಭ. ಕಳುಹಿಸುವ ತಂತಿಯನ್ನು ಮರೆಮಾಡುವುದು ಕಷ್ಟ. ಬೆಂಗಳೂರು ನಿಲಯದ ೬೧೨ ಕಿಲೋಹರ್ಟ್ಸ್ ಅಲೆಯ ಉದ್ದ ಸುಮಾರು ೪೯೦ ಮೀಟರ್. ಅದರ ಅರ್ಧದಷ್ಟು ತಂತಿ ಕಟ್ಟಬೇಕೆಂದರೂ ೨೪೫ ಮೀಟರ್ ಆಯಿತು. ಯಾವ ಮನೆಯವರಿಗೂ ಅದು ಆಗದ ಮಾತು. ಆದರೂ ಮೊಳದುದ್ದದ ತಂತಿಯಲ್ಲಿ ಆ ನಿಲಯ ಕೇಳುತ್ತದೆ. ಏಕೆಂದರೆ ಹಿಡಿದ ಎಳ್ಳಷ್ಟು ಶಕ್ತಿಯನ್ನು ಯಂತ್ರವು ಸಾವಿರಾರು ಪಾಲು ಹೆಚ್ಚಿಸಿಕೊಳ್ಳಬಲ್ಲುದು. ಪ್ರಸಾರ ಮಾಡುವವನಿಗೆ ಈ ಸೌಲಭ್ಯವಿಲ್ಲ. ತಂತಿ ಅಲೆಗೆ ತಕ್ಕಷ್ಟು ಇಲ್ಲದಿದ್ದರೆ ಅವನ ಶಕ್ತಿಯೆಲ್ಲ ಶಾಖವಾಗಿ ಪೋಲಾಗುತ್ತದೆ.

ಇದನ್ನು ತಿಳಿದರೆ ೧೯೪೨ರಲ್ಲಿ ಮುಂಬಯಿಯ ಕೆಲವರು ಮಾಡಿದ ಸಾಹಸದ ತೂಕ ತಿಳಿಯುತ್ತದೆ. ‘ಚಲೇ ಜಾವ್’ ಠರಾವಿನ ಮರುದಿನವೇ ನಾಯಕರೆಲ್ಲ ಸೆರೆಮನೆ ಸೇರಿದ್ದರು. ಪತ್ರಿಕೆಗಳ ಬಾಯಿ ಕಟ್ಟಿತ್ತು. ಆಗ ೨೨ ವರ್ಷದ ಉಷಾ ಮೆಹ್ತಾ ಮತ್ತು ಅವರ ಸಂಗಡಿಗರು ‘ಕಾಂಗ್ರೆಸ್ ರೇಡಿಯೋ’ ಎಂಬ ಗುಪ್ತ ನಿಲಯವನ್ನು ಹೂಡಿದರು. ೪೨.೩೪ ಮೀಟರ್ ಅಲೆಯಲ್ಲಿ ಆಗಸ್ಟ್ ೨೭ರಂದು ಅದರ ದನಿ ಹೊರಟಿತು. ಈ ಅಲೆಗೆ ಸರಿಯಾದ ಅರ್ಧ ಅಲೆಯ ತಂತಿ ಎಂದರೆ ಸುಮಾರು ೨೦ ಮೀಟರ್. ಮನೆಗೆ ಮನೆ ತಾಗಿಕೊಂಡಿರುವ ಮುಂಬಯಿಯಲ್ಲಿ, ಎದುರು ಬಾಲ್ಕನಿಯವರು ಇಣುಕಿ ನೋಡುವ ಜಾಗಗಳಲ್ಲಿ, ಅದು ಆಟದ ಮಾತಲ್ಲ. ಅವರು ಮನೆಯಿಂದ ಮನೆಗೆ ಯಂತ್ರವನ್ನು ಹೊತ್ತು ತಿರುಗಿದರು. ನವೆಂಬರ್ ೧೨ರಂದು ಪೊಲೀಸರು ಬಾಗಿಲು ಒಡೆದು ಒಳನುಗ್ಗಿದರು. ಸುಳಿವು ಕೊಟ್ಟದ್ದು ತಮ್ಮ ಬಳಗಕ್ಕೇ ಸೇರಿದ್ದ ತಂತ್ರಜ್ಞರೊಬ್ಬರು ಎಂದು ಉಷಾ ಮೆಹ್ತಾ ಮುಂದೆ ಹೇಳಿದರು. ಅವರಿಗೆ ನಾಲ್ಕು ವರ್ಷದ ಸೆರೆಯಾಯಿತು. ನಿಲಯ ಬಾಳಿದ್ದು ಮೂರು ತಿಂಗಳಿಗೂ ಕಡಿಮೆ; ಆದರೆ ಸರ್ಕಾರ ಮುಚ್ಚಿಟ್ಟ ಸುದ್ದಿ ಅಷ್ಟು ದಿನವೂ ಜನರ ಕಿವಿಗೆ ಬೀಳುತ್ತಿತ್ತು.

ಯುದ್ಧ ಮುಗಿಯಿತು, ರಾಜ್ಯ ನಮ್ಮದಾಯಿತು. ೧೯೫೦ರಲ್ಲಿ ಧಾರವಾಡದ ನಿಲಯ ಆರಂಭವಾಯಿತು, ೧೯೫೫ರ ನವೆಂಬರ್ ೨ರಂದು ಬೆಂಗಳೂರಿನದು. ನಿಲಯಗಳ ಶಕ್ತಿ ಹೆಚ್ಚಿದಂತೆ ಮನೆಯ ತಂತಿ ಮೋಟಾಯಿತು. ಟ್ರಾನ್ಸಿಸ್ಟರ್ ಬಂದ ಮೇಲಂತೂ ಏರಿಯಲ್ಲು ಪೆಟ್ಟಿಗೆಯೊಳಗೇ ಹೊಕ್ಕಿತು. ಫೆರೈಟ್ ಎಂಬ ಕಪ್ಪು ಕಡ್ಡಿಗೆ ಸುತ್ತಿದ ನವಿರಾದ ತಂತಿಯೇ ಸಾಕಾಯಿತು. ಬಿದಿರು ಗಳುಗಳು ಒಲೆ ಸೇರಿದವು. ಮರೆಮಾಡುವ ವಿದ್ಯೆ ಬೇಕಿಲ್ಲವೆಂದು ಎಲ್ಲರೂ ಮರೆತೆವು.

ಈಗ ಕಾಂಕ್ರೀಟಿನ ಮನೆ ಆ ವಿದ್ಯೆಯನ್ನು ಮತ್ತೆ ಕೇಳುತ್ತಿದೆ. ಮೊದಲು ಸದ್ದಿನ ಮೂಲವನ್ನು ಹುಡುಕಿ. ಮನೆಯ ಮುಖ್ಯ ಸ್ವಿಚ್ಚನ್ನು ಒಂದು ನಿಮಿಷ ಆರಿಸಿ, ರೇಡಿಯೋವನ್ನು ಸೆಲ್ಲಿನಲ್ಲಿ ಹಾಕಿ ನೋಡಿ. ಗಲಾಟೆ ನಿಂತರೆ ತಪ್ಪು ನಿಲಯದ್ದಲ್ಲ, ನಿಮ್ಮ ಎಲ್‌ಇಡಿ ದೀಪದ್ದೋ ಫೋನಿನ ಚಾರ್ಜರಿನದೋ ಆಗಿರುತ್ತದೆ. ಎರಡನೆಯದಾಗಿ, ಪೆಟ್ಟಿಗೆಯನ್ನು ಕಿಟಕಿಯ ಬಳಿ ಇಟ್ಟು ನಿಧಾನವಾಗಿ ತಿರುಗಿಸಿ. ಫೆರೈಟ್ ಕಡ್ಡಿಯ ತುದಿ ನಿಲಯದ ಕಡೆ ಇದ್ದರೆ ದನಿ ಕುಗ್ಗುತ್ತದೆ, ಅದರ ಮಗ್ಗುಲು ನಿಲಯದ ಕಡೆ ಇದ್ದರೆ ಹಿಗ್ಗುತ್ತದೆ. ಹಿರೇಹಳ್ಳಿಯವರಿಗೆ ಬೆಂಗಳೂರು ಇರುವುದು ಆಗ್ನೇಯಕ್ಕೆ.

ಶಾರ್ಟ್‌ವೇವ್ ಕೇಳುವ ಆಸೆಯಿದ್ದರೆ ಮೋಟಾರು ವೈಂಡಿಂಗ್ ಅಂಗಡಿಯಲ್ಲಿ ಸಿಗುವ ಎನಾಮಲ್ ಲೇಪದ ಸಣ್ಣ ತಂತಿ ಏಳೆಂಟು ಮೀಟರ್ ತನ್ನಿ. ಅದನ್ನು ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವ ನೈಲಾನ್ ಹಗ್ಗಕ್ಕೆ ಸುತ್ತಿ, ತುದಿಯ ಲೇಪವನ್ನು ಕೆರೆದು ರೇಡಿಯೋದ ಕಡ್ಡಿಗೆ ಕೊಂಡಿ ಹಾಕಿ. ನಾಲ್ಕು ಹೆಜ್ಜೆ ಆಚೆ ನಿಂತವರಿಗೂ ಅದು ಕಾಣುವುದಿಲ್ಲ. ವಿದ್ಯುತ್ತಿನ ತಂತಿಯ ಹತ್ತಿರಕ್ಕೆ ಮಾತ್ರ ಅದನ್ನು ಸುಳಿಯಗೊಡಬೇಡಿ.

ಹ್ಯಾಮ್ ಎನ್ನಿಸಿಕೊಳ್ಳುವ ಹವ್ಯಾಸಿಗಳ ಮಾತು ಬೇರೆ. ಅವರು ಪರೀಕ್ಷೆ ಕೊಟ್ಟು ಸರ್ಕಾರದ ಪರವಾನಗಿ ಪಡೆದು ಮಾತನಾಡುವವರು. ಸೋಜಿಗವೆಂದರೆ ಕಾಂಗ್ರೆಸ್ ರೇಡಿಯೋದ ಆ ೪೨.೩೪ ಮೀಟರ್ ಅಲೆ ಇಂದು ಹವ್ಯಾಸಿಗಳಿಗೆಂದು ಬಿಟ್ಟಿರುವ ಪಟ್ಟಿಯೊಳಗೇ ಬೀಳುತ್ತದೆ. ಅಂದು ಸೆರೆಮನೆಗೆ ಕಳುಹಿಸಿದ ಅಲೆಯಲ್ಲಿ ಇಂದು ಲೈಸೆನ್ಸ್ ಪಡೆದವರು ನೆಮ್ಮದಿಯಿಂದ ಹರಟುತ್ತಾರೆ. ೨೦ ಮೀಟರ್ ತಂತಿಗೆ ಜಾಗವಿಲ್ಲದ ಫ್ಲಾಟುಗಳಲ್ಲಿ ಅವರು ಒಂದು ಮೀಟರ್ ಅಗಲದ ತಾಮ್ರದ ಬಳೆಯನ್ನು ಬಾಲ್ಕನಿಯಲ್ಲಿ ನಿಲ್ಲಿಸಿಕೊಳ್ಳುವುದುಂಟು. ಪ್ರಸಾರದ ವೇಳೆ ಅದನ್ನು ಮುಟ್ಟಿದರೆ ಕೈ ಸುಡುತ್ತದೆ. ಆದ್ದರಿಂದ ಮಕ್ಕಳ ಕೈಗೆ ಎಟುಕುವ ಕಡೆ ಅದು ಇರಕೂಡದು. ನೆರೆಯವರ ಕಣ್ಣು ತಪ್ಪಿಸಿ ಇಂಥದನ್ನು ನಿಲ್ಲಿಸುವುದೂ ಸರಿಯಲ್ಲ.

ಮುಂಬಯಿಯವರು ತಂತಿಯನ್ನು ಮರೆಮಾಡಿದ್ದು ಬೇರೆ ದಾರಿ ಇಲ್ಲದೆ. ನಮಗೆ ದಾರಿ ಇದೆ. ಕಟ್ಟಡದವರನ್ನು ಒಮ್ಮೆ ಮನೆಗೆ ಕರೆದು ಆ ಕೂದಲೆಳೆಯ ತಂತಿಯನ್ನು ತೋರಿಸಿ, ಅದರಲ್ಲಿ ಬರುವ ದೂರದ ನಿಲಯವೊಂದನ್ನು ಕೇಳಿಸಿ, ಆಮೇಲೆ ತಾರಸಿಯ ಮಾತೆತ್ತಿ ನೋಡಿ. ಒಪ್ಪಿದರೆ ಸಂತೋಷ, ಒಪ್ಪದಿದ್ದರೆ ಬಾಲ್ಕನಿ ಇದ್ದೇ ಇದೆ. ಮುಂಗಾರಿಗೆ ಮುಂಚಿನ ಗುಡುಗು ದೂರದಲ್ಲಿ ಕೇಳಿಸಿದೊಡನೆ ಕೊಂಡಿ ಬಿಚ್ಚಿ, ತಂತಿಯನ್ನು ಹೊರಗೇ ಬಿಡುವುದನ್ನು ಮಾತ್ರ ಮರೆಯಬೇಡಿ.