ವಿ.ಪಿ. ಪಾರ್ಸೆಲ್ಲಿನಿಂದ ಆ್ಯಪ್ ಗುಳಗಿವರೆಗೆ

ಹೋದ ತಿಂಗಳು ಪಾಲಬಾವಿಯ ನಮ್ಮ ಓಣಿಗೆ ಬೈಕ್ ಮೇಲೆ ಬಂದ ಹುಡುಗನೊಬ್ಬ ಪಕ್ಕದ ಮನೆ ಕಾಕುಗೆ ಒಂದು ಡಬ್ಬಿ ಕೊಟ್ಟು ಹೋದ. ಪುಣೆಯಲ್ಲಿರುವ ಮಗ ಮೊಬೈಲಿನಲ್ಲಿ ತರಿಸಿದ ಬಿಪಿ ಗುಳಗಿ. ಕಾಕು ಅದನ್ನು ನನ್ನ ಕೈಗಿಟ್ಟು, "ತಮ್ಮಾ, ದಿನಾ ತಗೊಳ್ಳೋ ಗುಳಗಿ ಬೆಳ್ಳಗ ಇರ್ತಿತ್ತು, ಇದು ಕೆಂಪೈತಿ. ಖರೇ ಅದೇ ಔಷಧ ಹೌದಲ್ಲೊ?" ಎಂದರು. ಊರಿನ ಮೆಡಿಕಲ್ ಅಂಗಡಿಯಲ್ಲಿ ತಂದಿದ್ದರೆ ಅಲ್ಲಿಯೇ ಕೇಳಬಹುದಿತ್ತು. ಡಬ್ಬಿ ತಂದವನು ಆಗಲೇ ಹಾರೂಗೇರಿ ದಾರಿ ಹಿಡಿದಿದ್ದ.

ಮಾರುವವನ ಮುಖ ಕಾಣದೆ ಔಷಧ ಕೊಳ್ಳುವುದು ಹೊಸದೇನಲ್ಲ. ಬ್ರಿಟಿಷ್ ಸರ್ಕಾರ 1877ರಲ್ಲಿ ಅಂಚೆಯಲ್ಲಿ ವಿ.ಪಿ. ಪದ್ಧತಿ ತಂದಿತು. ಪತ್ರಿಕೆಯಲ್ಲಿ ಜಾಹೀರಾತು ನೋಡಿ ಕಾರ್ಡು ಬರೆದರೆ ಸಾಕು. ಪಾರ್ಸೆಲ್ ಬಂದಾಗ ಪೋಸ್ಟ್‌ಮನ್ ಕೈಗೆ ಹಣ ಕೊಡಬೇಕು, ಆಮೇಲೆ ಬಿಚ್ಚಿ ನೋಡಬೇಕು. ಶಕ್ತಿವರ್ಧಕ, ಗುಪ್ತರೋಗದ ಲೇಹ್ಯ, ಮಕ್ಕಳಾಗುವ ಔಷಧ, ಎಲ್ಲವೂ ಹೀಗೆ ಹಳ್ಳಿ ಸೇರಿದವು. ನಾಚಿಕೆಯ ರೋಗಕ್ಕೆ ಅಂಚೆಯೇ ಅನುಕೂಲ ಎಂಬುದು ಮಾರುವವರಿಗೂ ಗೊತ್ತಿತ್ತು. ಇದಕ್ಕೆ ಕಡಿವಾಣ ಹಾಕಲು 1954ರಲ್ಲಿ ಆಕ್ಷೇಪಾರ್ಹ ಔಷಧ ಜಾಹೀರಾತುಗಳ ಕಾಯ್ದೆ ಬಂತು. ಹಮ್‌ದರ್ದ್ ದವಾಖಾನೆ ಅದನ್ನು ಪ್ರಶ್ನಿಸಿತು. 1959ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಜಪ್ತಿಯ ಅಧಿಕಾರವನ್ನು ರದ್ದುಮಾಡಿತಾದರೂ ಕಾಯ್ದೆಯ ಬುಡ ಉಳಿಯಿತು. ಆದರೆ ಆ ಕಾಯ್ದೆ ತಡೆದದ್ದು ಜಾಹೀರಾತಿನ ಮಾತನ್ನು. ಪಾರ್ಸೆಲ್ಲಿನೊಳಗೆ ಏನಿದೆ ಎಂದು ನೋಡುವುದು ಬೇರೆ ಕಾಯ್ದೆಯ ಕೆಲಸವಾಗಿತ್ತು.

ಆ ಕಾಯ್ದೆ ಹುಟ್ಟಿದ್ದು ಕಲಬೆರಕೆಯ ದೂರಿನಿಂದ. 1930ರಲ್ಲಿ ಕರ್ನಲ್ ಆರ್.ಎನ್. ಚೋಪ್ರಾ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿ ನೇಮಕವಾಯಿತು, ಮರುವರ್ಷ ವರದಿ ಬಂತು. 1940ರಲ್ಲಿ ಔಷಧ ಕಾಯ್ದೆ, 1945ರಲ್ಲಿ ಅದರ ನಿಯಮಗಳು. ಇವತ್ತಿಗೂ ಪರಿವೀಕ್ಷಕರ ಕೈಯಲ್ಲಿರುವುದು ಇದೇ ಪುಸ್ತಕ. ಓದಿದರೆ ಒಂದು ವಿಷಯ ಎದ್ದು ಕಾಣುತ್ತದೆ: ಎಲ್ಲವೂ ಅಂಗಡಿಯ ನಾಲ್ಕು ಗೋಡೆಗೆ ಕಟ್ಟಿದ್ದು. ಚಿಲ್ಲರೆ ಅಂಗಡಿಗೆ ಕನಿಷ್ಠ 10 ಚದರ ಮೀಟರ್ ಜಾಗ ಬೇಕು, ಲೈಸೆನ್ಸನ್ನು ಕಾಣುವಂತೆ ತೂಗುಹಾಕಬೇಕು, ಚೀಟಿಯ ಔಷಧವನ್ನು ನೋಂದಾಯಿತ ಫಾರ್ಮಾಸಿಸ್ಟ್ ಎದುರಿನಲ್ಲೇ ಕೊಡಬೇಕು. ಪರಿವೀಕ್ಷಕರು ಒಳಗೆ ಬಂದು ಮಾದರಿ ಪಡೆದು, ಭಾಗ ಮಾಡಿ ಮೊಹರು ಹಾಕಿ, ಒಂದು ಭಾಗ ಅಂಗಡಿಯವನಿಗೇ ಬಿಟ್ಟು, ಇನ್ನೊಂದನ್ನು ಸರ್ಕಾರಿ ವಿಶ್ಲೇಷಕರಿಗೆ ಕಳಿಸಬೇಕು. ಒಳ್ಳೆಯ ಪದ್ಧತಿ. ಬಾಗಿಲು ಎಲ್ಲಿದೆ ಎಂದು ಗೊತ್ತಿದ್ದರೆ.

ಆ್ಯಪ್‌ಗೆ ಬಾಗಿಲು ಯಾವುದು? ಅಮೆರಿಕದಲ್ಲಿ ಈ ಪ್ರಶ್ನೆ ಒಂದು ಸಾವಿನಿಂದ ಎದ್ದಿತು. 18 ವರ್ಷದ ರಯಾನ್ ಹೈಟ್ ಅಂತರ್ಜಾಲದಲ್ಲಿ ತರಿಸಿದ ನೋವಿನ ಗುಳಗಿಯಿಂದ 2001ರಲ್ಲಿ ತೀರಿಕೊಂಡ. ಅವನ ಹೆಸರಿನ ಕಾಯ್ದೆ ಬಂದದ್ದು 2008ರಲ್ಲಿ. ನಮ್ಮಲ್ಲಿ ಮೊದಲು ಗದ್ದಲವೆಬ್ಬಿಸಿದವರು ಔಷಧ ವ್ಯಾಪಾರಿಗಳು. 2015ರ ಅಕ್ಟೋಬರ್ 14ರಂದು ದೇಶದಾದ್ಯಂತ ಮೆಡಿಕಲ್ ಬಂದ್ ಮಾಡಿದರು. ಅವರ ಹೊಟ್ಟೆಪಾಡಿನ ಚಿಂತೆಯೂ ಅದರಲ್ಲಿತ್ತು, ಅದೇನೂ ತಪ್ಪಲ್ಲ. 2018ರ ಆಗಸ್ಟ್ 28ರಂದು ಕೇಂದ್ರ ಸರ್ಕಾರ ಕರಡು ನಿಯಮ ಹೊರಡಿಸಿತು: ಕೇಂದ್ರದಲ್ಲಿ ನೋಂದಣಿ, ಎರಡು ವರ್ಷಕ್ಕೊಮ್ಮೆ ಪರಿವೀಕ್ಷಣೆ, ಮಾದಕ ಔಷಧಗಳ ಮಾರಾಟಕ್ಕೆ ನಿಷೇಧ. ಅದೇ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ಲೈಸೆನ್ಸಿಲ್ಲದ ಆನ್‌ಲೈನ್ ಮಾರಾಟ ನಿಲ್ಲಿಸಿ ಎಂದಿತು. ಮದ್ರಾಸ್ ಹೈಕೋರ್ಟಿನ ಏಕಸದಸ್ಯ ಪೀಠವೂ ಹಾಗೇ ಹೇಳಿತು; ಮುಂದಿನ ತಿಂಗಳು ಅಲ್ಲಿನ ವಿಭಾಗೀಯ ಪೀಠ ಅದಕ್ಕೆ ತಡೆ ಕೊಟ್ಟಿತು. ಕರಡು ವರ್ಷಗಟ್ಟಲೆ ಕರಡಾಗಿಯೇ ಉಳಿಯಿತು, ವ್ಯಾಪಾರ ಮಾತ್ರ ಬೆಳೆಯಿತು.

ನಡುವೆ ಲಾಕ್‌ಡೌನ್ ಬಂತು. 2020ರ ಮಾರ್ಚ್ 26ರ ಆದೇಶದಲ್ಲಿ ಲೈಸೆನ್ಸಿರುವ ಅಂಗಡಿಗಳು ಇಮೇಲ್ ಚೀಟಿ ನೋಡಿ ಮನೆಗೆ ಔಷಧ ಮುಟ್ಟಿಸಬಹುದು ಎಂದಾಯಿತು. ಆದರೆ ಅಂಗಡಿ ಇರುವ ಕಂದಾಯ ಜಿಲ್ಲೆಯೊಳಗೆ ಮಾತ್ರ. ಯಾರಾದರೂ ತಪ್ಪು ಔಷಧ ಕೊಟ್ಟರೆ ಹಿಡಿಯಲು ಅಲ್ಲಿಯ ಪರಿವೀಕ್ಷಕರಿದ್ದಾರೆ, ಅದಕ್ಕೇ ಈ ಗೆರೆ ಎಂದು ನನ್ನ ಊಹೆ. ನಮ್ಮ ಭಾಗಕ್ಕೆ ಇದು ಹೊಂದುವುದು ಕಷ್ಟ. ರಾಯಬಾಗ, ಅಥಣಿ ಕಡೆಯವರು ದೊಡ್ಡ ಬೇನೆ ಬಂದರೆ ಮಿರಜ್‌ಗೆ ಹೋಗುವುದು ಹಳೆಯ ರೂಢಿ. ವಾನ್ಲೆಸ್ ಆಸ್ಪತ್ರೆ 1894ರಿಂದ ಅಲ್ಲಿದೆ. ಚೀಟಿ ಸಾಂಗಲಿ ಜಿಲ್ಲೆಯದು, ರೋಗಿ ಬೆಳಗಾವಿ ಜಿಲ್ಲೆಯವರು. ಆ ಆದೇಶದ ಪ್ರಕಾರ ಮಿರಜ್‌ನ ಅಂಗಡಿಯವನು ಪಾಲಬಾವಿಗೆ ಗುಳಗಿ ಕಳಿಸುವಂತಿರಲಿಲ್ಲ. ಆ್ಯಪ್‌ನವರ ಡಬ್ಬಿ ಮಾತ್ರ ಎರಡು ರಾಜ್ಯ ದಾಟಿ ಬರುತ್ತದೆ.

ಕಾಕುಗೆ ಹೇಳಲು ನನ್ನ ಬಳಿ ಇದ್ದದ್ದು ಅದೇ 1940ರ ಕಾಯ್ದೆಯ 26ನೇ ಕಲಮು. ಔಷಧ ಕೊಂಡ ಯಾರೇ ಆಗಲಿ ಶುಲ್ಕ ಕಟ್ಟಿ ಅದನ್ನು ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು, ಸಹಿ ಮಾಡಿದ ವರದಿ ಕೇಳಿ ಪಡೆಯಬಹುದು. ಪಟ್ಟಿಯ ಮೇಲಿನ ಔಷಧದ ಮೂಲ ಹೆಸರನ್ನು ಹಳೆಯ ಪಟ್ಟಿಯ ಜೊತೆ ಹೋಲಿಸಿದೆ: ಎರಡೂ ಒಂದೇ, ಕಂಪನಿ ಮಾತ್ರ ಬೇರೆ. ಆದರೂ ಡಾಕ್ಟರಿಗೆ ತೋರಿಸುವವರೆಗೆ ಹಳೆಯದನ್ನೇ ತಗೊಳ್ಳಿ ಎಂದೆ. ಇನ್ನೂ ಆರು ಗುಳಗಿ ಉಳಿದಿದ್ದವು. ಬ್ಯಾಚ್ ನಂಬರ್ ಬರೆದುಕೊಂಡೆ. ಬಿಲ್ಲಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಲೈಸೆನ್ಸ್ ಸಂಖ್ಯೆ ಇತ್ತು, ಕೆಳಗೆ ಊರಿನ ಹೆಸರು: ಭಿವಂಡಿ. ಕಾಕು ಕೇಳಿದರು, "ಅದು ಎಲ್ಲೈತಿ?"