ಬಿಡಾರದ ಸುವಾರ್ತೆ: ಬೆಂಗಳೂರು ಸೀಮೆಯ ಹಳ್ಳಿಗಳಲ್ಲಿ ವಿದೇಶಿ ಮಿಷನರಿಗಳ ಅಲ್ಪಕಾಲದ ಸಂಚಾರ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಹಳ್ಳಿಗಳನ್ನು ಹತ್ತೊಂಬತ್ತನೆಯ ಶತಮಾನದ ಪ್ರೊಟೆಸ್ಟೆಂಟ್ ಮಿಷನರಿಗಳು ಬಹುಮಟ್ಟಿಗೆ ಹಾದುಹೋಗುತ್ತ ಕಂಡವರು. ಅವರ ನೆಲೆ ಬೆಂಗಳೂರಿನ ದಂಡು ಮತ್ತು ಪೇಟೆ. ಮಳೆಗಾಲ ಮುಗಿದು ದಾರಿ ಒಣಗಿದ ಮೇಲೆ ಎತ್ತಿನ ಗಾಡಿಯಲ್ಲಿ ಗುಡಾರ, ಪುಸ್ತಕದ ಗಂಟು ಹೇರಿಕೊಂಡು ಹೊರಡುತ್ತಿದ್ದರು. ಚಾವಡಿ, ಅರಳಿಕಟ್ಟೆ, ಸಂತೆಮಾಳ, ಜಾತ್ರೆ ಎಲ್ಲಿ ಜನ ಸೇರುವರೋ ಅಲ್ಲಿ ನಿಂತು ಮಾತಾಡಿ, ಕರಪತ್ರ ಹಂಚಿ, ಸುವಾರ್ತೆಯ ಬಿಡಿ ಪುಸ್ತಕಗಳನ್ನು ಚಿಲ್ಲರೆ ಕಾಸಿಗೆ ಮಾರಿ ಮುಂದಿನ ಊರಿಗೆ ಹೋಗುವುದು ರೂಢಿ. ಈ ಸಂಚಾರದ ಫಲ ಏನು ಎಂಬ ಪ್ರಶ್ನೆಯನ್ನು ಸಾಮಾನ್ಯವಾಗಿ ಮತಾಂತರಗೊಂಡವರ ಸಂಖ್ಯೆ ಹಿಡಿದು ಕೇಳುತ್ತಾರೆ. ಆ ಅಳತೆ ಸಾಲದು. ಅಲ್ಪಕಾಲದ ಸಂಚಾರದ ಹೆಚ್ಚಿನ ಫಲ ಸಂದದ್ದು ಅದನ್ನು ಕೇಳಿಸಿಕೊಂಡ ಹಳ್ಳಿಗಲ್ಲ, ಬೋಧಕನನ್ನು ಕಳಿಸಿಕೊಟ್ಟ ನಾಡಿಗೆ ಎಂಬುದು ಈ ಲೇಖನದ ವಾದ.

ಮೈಸೂರು ಸೀಮೆಗೆ ಪ್ರೊಟೆಸ್ಟೆಂಟರೇ ಮೊದಲಿಗರಲ್ಲ. ಇಟಲಿಯ ಜೆಸ್ವಿಟ್ ಲಿಯೊನಾರ್ಡೊ ಚಿನ್ನಾಮಿ ಹದಿನೇಳನೆಯ ಶತಮಾನದ ನಡುವಿನಲ್ಲೇ ಶ್ರೀರಂಗಪಟ್ಟಣಕ್ಕೆ ಬಂದು ನೆಲೆಸಿ ಕನ್ನಡ ಕಲಿತಿದ್ದ. ಮುಂದೆ ಮೂರು ದಶಕ ದಕ್ಷಿಣ ಭಾರತದಲ್ಲಿ ಕಳೆದ ಫ್ರೆಂಚ್ ಪಾದ್ರಿ ದುಬುವಾ 1823ರಲ್ಲಿ ಪ್ರಕಟಿಸಿದ ಪತ್ರಗಳಲ್ಲಿ ಹಿಂದೂಗಳ ಮತಾಂತರ ಆಗದ ಕೆಲಸ ಎಂದು ವಾದಿಸಿದ. ಇಂಗ್ಲೆಂಡಿನ ಮಿಷನ್ ವಲಯ ಇದರಿಂದ ಕೆರಳಿತು, ಖಂಡನೆಯ ಪುಸ್ತಕಗಳೇ ಬಂದವು. ಆ ಹೊತ್ತಿಗೆ ಲಂಡನ್ ಮಿಷನರಿ ಸೊಸೈಟಿ ಬೆಂಗಳೂರಿಗೆ ಬಂದು ಮೂರು ವರ್ಷವಾಗಿತ್ತು. ಅಷ್ಟು ದೀರ್ಘಕಾಲ ಇದ್ದವನು ನಿರಾಶನಾಗಿ ಹೊರಟ ನಾಡಿಗೆ ಹೊಸಬರು ಉತ್ಸಾಹದಿಂದ ಬಂದರು ಎಂಬುದನ್ನು ಮುಂದಿನ ಕಥೆ ಓದುವಾಗ ಮರೆಯಬಾರದು.

ಅಲ್ಪಕಾಲದ ಸೇವೆಗೆ ವಿಲಿಯಂ ಆರ್ಥರ್‌ನಷ್ಟು ಸ್ಪಷ್ಟ ನಿದರ್ಶನ ಈ ಸೀಮೆಯಲ್ಲಿ ಇನ್ನೊಂದಿಲ್ಲ. 1819ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿದ ಈ ವೆಸ್ಲಿಯನ್ ತರುಣ 1839ರಲ್ಲಿ ಭಾರತಕ್ಕೆ ಬಂದ. ಅದೇ ವೆಸ್ಲಿಯನ್ ಮಿಷನ್ನಿನ ಥಾಮಸ್ ಹಾಡ್ಸನ್ 1837ರಲ್ಲಿ ತೆರೆದಿದ್ದ ಗುಬ್ಬಿಯ ಠಾಣ್ಯ ಅವನ ಕಾರ್ಯಕ್ಷೇತ್ರ. ಬೆಂಗಳೂರಿನಿಂದ ತುಮಕೂರು ಹಾದು ಗುಬ್ಬಿಗೆ ಹೋಗುವ ದಾರಿ ನೆಲಮಂಗಲದ ಸೀಮೆಯದು. ಶಿವಗಂಗೆಯ ಬೆಟ್ಟ ಆ ದಾರಿಯ ಗುರುತು. ಆರ್ಥರ್ ಬೇಗ ಕನ್ನಡ ಕಲಿತ, ಬೇಗ ಬೋಧನೆಗೆ ನಿಂತ. ಆದರೆ ಆರೋಗ್ಯ ಕೆಟ್ಟು 1841ರಲ್ಲೇ ಮರಳಬೇಕಾಯಿತು. ಎರಡು ವರ್ಷದ ಆಸುಪಾಸಿನ ವಾಸದಲ್ಲಿ ಒಂದು ಊರಿನ ಮಳೆ ಬೆಳೆ, ಸಾಲ ಸೋಲ, ಜಾತಿಯೊಳಗಿನ ಬಿಗುವು ಎಷ್ಟು ತಿಳಿದೀತು? ತಿಳಿದಷ್ಟನ್ನೂ ಅವನು ಪ್ರೀತಿಯಿಂದ ಬರೆದ. ಮೈಸೂರು ಸೀಮೆಯ ಮಿಷನ್ ಕುರಿತ ಅವನ ಇಂಗ್ಲಿಷ್ ಪುಸ್ತಕ 1847ರಲ್ಲಿ ಲಂಡನ್ನಿನಲ್ಲಿ ಹೊರಬಂತು. ಮುಂದೆ ಅವನು ವೆಸ್ಲಿಯನ್ ಮಿಷನರಿ ಸೊಸೈಟಿಯ ಕಾರ್ಯದರ್ಶಿಯಾದ, 1866ರಲ್ಲಿ ವೆಸ್ಲಿಯನ್ ಸಭೆಯ ಅಧ್ಯಕ್ಷನಾದ. ಗುಬ್ಬಿಯ ಅನುಭವ ಗುಬ್ಬಿಯಲ್ಲಿ ಬೆಳೆದದ್ದಕ್ಕಿಂತ ಇಂಗ್ಲೆಂಡಿನ ಓದುಗರಲ್ಲಿ, ಅಲ್ಲಿನ ಸಭೆಗಳಲ್ಲಿ ಬೆಳೆಯಿತು. ಇದನ್ನು ಆರ್ಥರ್‌ನ ದೋಷವೆಂದು ನಾನು ಎಣಿಸುವುದಿಲ್ಲ. ಅವನ ಶ್ರದ್ಧೆ ನಿಜವಾದದ್ದು. ಅಲ್ಪಕಾಲದ ಮಿಷನ್ನಿನ ಸ್ವಭಾವವೇ ಅಂಥದ್ದು: ಹೋದವನು ಮರಳಿ ಬಂದು ತನ್ನವರಿಗೆ ಸಾಕ್ಷಿ ಹೇಳುತ್ತಾನೆ, ಅವನ ಮಾತು ಅಲ್ಲಿ ಹಣವನ್ನೂ ಹೊಸ ಮಿಷನರಿಗಳನ್ನೂ ಎಬ್ಬಿಸುತ್ತದೆ.

ನಿಂತವರ ಲೆಕ್ಕ ಬೇರೆ. ಹಾಡ್ಸನ್ ದಶಕಗಳ ಸೇವೆಯ ನಡುವೆ 1859ರಲ್ಲಿ ಇಂಗ್ಲಿಷ್ ಬಲ್ಲವರಿಗಾಗಿ ಕನ್ನಡ ವ್ಯಾಕರಣ ಬರೆದ. ಲಂಡನ್ ಮಿಷನ್ನಿನ ಬೆಂಜಮಿನ್ ರೈಸ್ 1837ರಿಂದ 1887ರವರೆಗೆ, ಐವತ್ತು ವರ್ಷ, ಬೆಂಗಳೂರಿನಲ್ಲೇ ಇದ್ದ. ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ದೇವಾಲಯ ಅವನ ಹೆಸರಿನದು. ಅವನ ಮಗ, ಬೆಂಗಳೂರಿನಲ್ಲೇ ಹುಟ್ಟಿದ ಬಿ. ಎಲ್. ರೈಸ್, ಸುವಾರ್ತೆಗಲ್ಲ, ಶಾಸನ ಓದುವುದಕ್ಕೆಂದು ಊರೂರು ಸುತ್ತಿದ. 1905ರಲ್ಲಿ ಪ್ರಕಟವಾದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಬೆಂಗಳೂರು ಜಿಲ್ಲೆಯ ಸಂಪುಟದಲ್ಲಿ ನಮ್ಮ ನಾಲ್ಕೂ ತಾಲ್ಲೂಕುಗಳ ಕಲ್ಲುಗಳು ಊರಿನ ಹೆಸರಿನೊಂದಿಗೆ ದಾಖಲಾಗಿವೆ. ಒಂದೇ ಮನೆಯ ಎರಡು ತಲೆಮಾರು, ಎರಡು ಬಗೆಯ ಸಂಚಾರ. ಮಗನ ಸಂಚಾರ ಊರು ಹೇಳಿದ್ದನ್ನು ಬರೆದುಕೊಂಡಿತು. ಹಾಗೆಂದೇ ಇಂದಿಗೂ ಹೊಸಕೋಟೆಯ ಇತಿಹಾಸ ಬರೆಯುವವರು ಅದನ್ನು ತೆಗೆದು ನೋಡುತ್ತಾರೆ.

ಭಾಷೆಯ ತೊಡಕು ಸಂಚಾರಿಗಳಿಗೆ ದೊಡ್ಡದಿತ್ತು. ದಂಡಿನಲ್ಲಿ ವೆಸ್ಲಿಯನ್ನರ ಮೊದಲ ಕೆಲಸ ನಡೆದದ್ದು ತಮಿಳಿನಲ್ಲಿ. ಕನ್ನಡದ ಕೆಲಸ ಗಟ್ಟಿಯಾದದ್ದು 1830ರ ದಶಕದಲ್ಲಿ. ಕನ್ನಡ ಕಲಿತು ಹೊರಟರೂ ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರಗಳ ಎಷ್ಟೋ ಮನೆಗಳಲ್ಲಿ ಒಲೆಯ ಮುಂದಿನ ಮಾತು ತೆಲುಗು. ಚಾವಡಿಯ ಮುಂದೆ ನಿಂತ ಬೋಧಕನಿಗೆ ಸಿಗುತ್ತಿದ್ದ ಕೇಳುಗರು ಹೆಚ್ಚಾಗಿ ಗಂಡಸರು. ಮನೆಯೊಳಗಿನ ಹೆಂಗಸರೊಡನೆ ಮಾತು ಮೊದಲಾಗಲು ಮಿಷನರಿ ಹೆಂಗಸರೂ ದೇಶೀಯ ಕ್ರೈಸ್ತ ಹೆಂಗಸರೂ ಬರಬೇಕಾಯಿತು.

ಹೀಗಾಗಿ ಸಂಚಾರದ ನಿಜವಾದ ಭಾರ ಹೊತ್ತವನು ಉಪದೇಶಿ, ಅಂದರೆ ಮಿಷನ್ನಿನ ದೇಶೀಯ ಬೋಧಕ. ವಿದೇಶಿ ಮಿಷನರಿ ಹೊರಟುಹೋದ ಮಾರನೆಯ ದಿನವೂ ಅವನು ಅದೇ ಬಾವಿಯ ನೀರು ಸೇದಬೇಕು, ಅದೇ ಸಂತೆಯಲ್ಲಿ ಅಕ್ಕಿ ಕೊಳ್ಳಬೇಕು. ಹಿರಿಯರ ದಾರಿ ಯಾಕೆ ಬಿಟ್ಟೆ, ಮಗಳನ್ನು ಯಾರಿಗೆ ಕೊಡುತ್ತೀ ಎಂದು ಕೇಳುವವರು ಸಿಗುತ್ತಿದ್ದದ್ದು ಅವನಿಗೇ. ದೀಕ್ಷಾಸ್ನಾನ ಪಡೆದವರನ್ನು ಜಾತಿಯವರು ಹೊರಹಾಕಿದಾಗ ನೆರವಿಗೆ ನಿಲ್ಲಬೇಕಾದವನೂ ಅವನೇ. 1876–78ರ ಮಹಾಕ್ಷಾಮದಲ್ಲಿ ಮಿಷನ್‌ಗಳು ಅನಾಥ ಮಕ್ಕಳಿಗೆ ಆಶ್ರಯಗಳನ್ನು ತೆರೆದಾಗ ದಿನನಿತ್ಯದ ಪಾಲನೆ ದೇಶೀಯ ಕ್ರೈಸ್ತರ ಕೈಯ ಕೆಲಸವೇ ಆಗಿತ್ತು. ಇಷ್ಟಾದರೂ ಇಂಗ್ಲಿಷ್ ವರದಿಗಳಲ್ಲಿ ಉಪದೇಶಿ ಎಷ್ಟೋ ಸಲ ಹೆಸರಿಲ್ಲದ ಸಹಾಯಕ. ಇದು ಆ ಸಾಹಿತ್ಯದ ಅತಿ ದೊಡ್ಡ ಕೊರತೆ. ದಾಖಲೆಯ ಸಮಸ್ಯೆ ಎಂದಷ್ಟೇ ಹೇಳಿ ಬಿಡಲಾಗದ ಅನ್ಯಾಯ.

ಇಂದು ವಿದೇಶದ ಸಭೆಯೊಂದು ತನ್ನ ತರುಣರನ್ನು ಒಂದೆರಡು ವಾರಕ್ಕೆಂದು ಕಳಿಸಿದರೆ ಅವರು ಇಳಿಯುವುದು ದೇವನಹಳ್ಳಿಯ ಮಣ್ಣಿನಲ್ಲೇ. 2008ರಿಂದ ಬೆಂಗಳೂರಿನ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಅಲ್ಲಿದೆ. ಸಂವಿಧಾನದ 25ನೆಯ ವಿಧಿ ಧರ್ಮಪ್ರಸಾರದ ಹಕ್ಕನ್ನು ಮಾನ್ಯ ಮಾಡುತ್ತದೆ. 1977ರ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಅದರಲ್ಲಿ ಅಡಕವಾಗಿಲ್ಲ ಎಂದಿತು. ಪ್ರವಾಸಿ ವೀಸಾದಲ್ಲಿ ಬಂದವರು ಪ್ರಾರ್ಥನೆಗೆ ಹೋಗಬಹುದು, ಪ್ರವಚನ ಕೇಳಬಹುದು. ಬೋಧಿಸುವಂತಿಲ್ಲ, ಧಾರ್ಮಿಕ ಕರಪತ್ರ ಹಂಚುವಂತಿಲ್ಲ. ಮಿಷನರಿ ಕೆಲಸಕ್ಕೆ ಪ್ರತ್ಯೇಕ ವೀಸಾ ಬೇಕು. ವಿದೇಶಿ ಪೌರತ್ವ ಪಡೆದ ಕನ್ನಡ ಕ್ರೈಸ್ತ ಕುಟುಂಬಗಳನ್ನೂ ಇದು ತಟ್ಟುತ್ತದೆ: 2021ರ ಮಾರ್ಚ್ ಅಧಿಸೂಚನೆಯಂತೆ ಒಸಿಐ ಕಾರ್ಡ್ ಉಳ್ಳವರೂ ಮಿಷನರಿ ಚಟುವಟಿಕೆಗೆ ವಿಶೇಷ ಅನುಮತಿ ಪಡೆಯಬೇಕು. ಕರ್ನಾಟಕದ 2022ರ ಕಾಯ್ದೆ ಮತಾಂತರಕ್ಕೆ 30 ದಿನ ಮೊದಲೇ ಜಿಲ್ಲಾಡಳಿತಕ್ಕೆ ತಿಳಿಸಬೇಕೆಂದಿತು. ಅದನ್ನು ರದ್ದು ಮಾಡಲು 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಅತಿಥಿ ಆಡಿದ ಮಾತಿನ ಪರಿಣಾಮ, ದೂರು ದಾಖಲಾದರೂ ನೆರೆಹೊರೆ ಮುನಿದರೂ, ಅವನು ವಿಮಾನ ಹತ್ತಿದ ಮೇಲೆ ಸ್ಥಳೀಯ ಸಭಾಪಾಲಕನ ಮೇಲೆ ಉಳಿಯುತ್ತದೆ. ಅಂದಿನ ಉಪದೇಶಿಯ ಸ್ಥಾನವೇ ಇಂದು ಅವನದು.

ಆದ್ದರಿಂದ ಈ ವಿಷಯದ ಮುಂದಿನ ಸಂಶೋಧನೆ ಎರಡು ಕಡೆಯಿಂದ ನಡೆಯಬೇಕು. ಒಂದು, ಹಳ್ಳಿ ಸಭೆಗಳ ದೀಕ್ಷಾಸ್ನಾನ, ಮದುವೆ, ಸಮಾಧಿಯ ಪುಸ್ತಕಗಳಲ್ಲಿ ಉಪದೇಶಿಗಳ ಹೆಸರುಗಳನ್ನು ಹುಡುಕಿ ಅವರ ಜೀವನವೃತ್ತಾಂತ ಕಟ್ಟುವುದು. ಇನ್ನೊಂದು, ಮರಳಿದ ಯಾತ್ರಿಗಳು ತಮ್ಮ ಸಭೆಗಳಿಗೆ ಒಪ್ಪಿಸಿದ ವರದಿಗಳನ್ನು, ಆರ್ಥರ್‌ನ ಪುಸ್ತಕದಿಂದ ಹಿಡಿದು ಇಂದಿನವರೆಗೆ, ಒಟ್ಟಿಗಿಟ್ಟು ಓದುವುದು. ಕೇಳಿಸಿಕೊಂಡ ಊರಿಗೆ ಅವುಗಳಲ್ಲಿ ಹೆಸರಿದೆಯೇ, ಆ ಊರು ಕೊಟ್ಟ ಉತ್ತರ ದಾಖಲಾಗಿದೆಯೇ ಎಂಬುದನ್ನು ಮೊದಲು ನೋಡಬೇಕು.