ದಂಡು ಪ್ರದೇಶದ ವ್ಯಾಪಾರ ಮತ್ತು ಸಾಂಕ್ರಾಮಿಕ ರೋಗಗಳು

ಬೆಂಗಳೂರಿನ ದಂಡು ಪ್ರದೇಶ ಮತ್ತು ಅದರ ಪೂರ್ವದ ಬಡಾವಣೆಗಳ ವ್ಯಾಪಾರ 1898ರ ಪ್ಲೇಗಿನಲ್ಲೂ 2020ರ ಕೋವಿಡ್‌ನಲ್ಲೂ ಬಲವಾದ ಪೆಟ್ಟು ತಿಂದಿದೆ. ಪ್ಲೇಗು ಗಿರಾಕಿಗಳನ್ನೇ ಊರು ಬಿಡಿಸಿತು. ಕೋವಿಡ್ ಕಾಲದಲ್ಲಿ ಯಾರ ಗಲ್ಲಾ ತುಂಬಬೇಕು, ಯಾರದು ಬರಿದಾಗಬೇಕು ಎಂಬುದು ಬಹುಮಟ್ಟಿಗೆ ಸರ್ಕಾರಿ ಆದೇಶದಿಂದ ತೀರ್ಮಾನವಾಯಿತು.

1891ರಲ್ಲಿ 1,00,081 ಇದ್ದ ದಂಡಿನ ಜನಸಂಖ್ಯೆ 1901ರ ಜನಗಣತಿಯಲ್ಲಿ 89,599ಕ್ಕೆ ಇಳಿದಿತ್ತು. ಪ್ಲೇಗಿನ ಸಾವುಗಳ ಜೊತೆಗೆ ವಲಸೆಯೂ ಇದಕ್ಕೆ ಕಾರಣ. ಇಕ್ಕಟ್ಟಾದ ಕೇರಿಗಳಿಂದ ಜನರನ್ನು ಹೊರತರಲು ಮುಂದೆ ಫ್ರೇಜರ್ ಟೌನ್‌ನಂಥ ಬಡಾವಣೆಗಳು ಎದ್ದವು. ಅವುಗಳ ಜೊತೆ ಹೊಸ ಅಂಗಡಿ ಬೀದಿಗಳೂ ಬಂದವು.

ಕೋವಿಡ್ ಬಂದಾಗ, 2020ರ ಮಾರ್ಚ್ 14ರಿಂದ ರಾಜ್ಯದಲ್ಲಿ ಮಾಲ್, ಚಿತ್ರಮಂದಿರ, ಪಬ್‌ಗಳು ಮುಚ್ಚಿದವು. 25ರಿಂದ ದೇಶವೇ ಲಾಕ್‌ಡೌನ್ ಆಯಿತು. ಮೇ 4ರಂದು ಮದ್ಯದಂಗಡಿ ತೆರೆದಾಗ ರಾಜ್ಯದಲ್ಲಿ ಒಂದೇ ದಿನ ಸುಮಾರು 45 ಕೋಟಿ, ಮರುದಿನ ಸುಮಾರು 197 ಕೋಟಿ ರೂಪಾಯಿಯ ಮದ್ಯ ಮಾರಾಟವಾಯಿತು. ಪೂರ್ವದ ಬಡಾವಣೆಯಾದ ಇಂದಿರಾನಗರದ ಪಬ್‌ಗಳಲ್ಲಿ ಗಿರಾಕಿ ಕೂತು ಕುಡಿಯಲು ಸೆಪ್ಟೆಂಬರ್ 1ರವರೆಗೆ ಕಾಯಬೇಕಾಯಿತು, ಅದೂ ಅರ್ಧದಷ್ಟು ಆಸನಗಳಲ್ಲಿ. ಬಾಡಿಗೆ ಮಾತ್ರ ಅರ್ಧವಾಗಲಿಲ್ಲ.

ದಂಡು ಪ್ರದೇಶದ ಶಿವಾಜಿನಗರದ ನಷ್ಟ ಇನ್ನೊಂದು ಬಗೆಯದು. ರಸೆಲ್ ಮಾರುಕಟ್ಟೆ ಸುತ್ತಲಿನ ಬಟ್ಟೆ, ಚಪ್ಪಲಿ, ಅತ್ತರು, ಖರ್ಜೂರ, ಶಾವಿಗೆ ವ್ಯಾಪಾರಿಗಳಿಗೆ ರಂಜಾನ್ ವರ್ಷದ ದೊಡ್ಡ ಹಂಗಾಮು. ಸರಕನ್ನು ಮುಂಚೆಯೇ ಉದ್ದರಿ ತಂದು, ಹಬ್ಬದ ಮಾರಾಟದಲ್ಲಿ ಸಾಲ ತೀರಿಸುವುದು ಇಲ್ಲಿನ ರೂಢಿ. 2020ರ ರಂಜಾನ್ ಪೂರ್ತಿ ಲಾಕ್‌ಡೌನಿನೊಳಗೇ ಕಳೆಯಿತು. 2021ರಲ್ಲಿ ಉಪವಾಸ ಶುರುವಾಗಿ ವಾರ ಕಳೆದಿತ್ತಷ್ಟೇ. ಏಪ್ರಿಲ್ 22ರ ಮಧ್ಯಾಹ್ನ ಪೊಲೀಸರು ಬಂದು ಷಟರ್ ಎಳೆಸಿದರು. ಹಿಂದಿನ ಆದೇಶ ಇಂಥ ಅಂಗಡಿಗಳಿಗೆ ರಾತ್ರಿ ಮತ್ತು ವಾರಾಂತ್ಯದ ಕರ್ಫ್ಯೂ ಮಾತ್ರ ಹೇಳಿತ್ತು. 27ರ ರಾತ್ರಿಯಿಂದ ಇನ್ನೂ ಬಿಗಿಯಾಯಿತು: ದಿನಸಿ, ತರಕಾರಿ, ಮಾಂಸಕ್ಕೆ ಬೆಳಿಗ್ಗೆ 6ರಿಂದ 10. ಹಣ್ಣಿನವನು ಉಳಿದ ಮಾಲು ನಾಳೆಗೆ ಇಡಲಾರ. ಬಟ್ಟೆಯವನ ಮಾಲು ಕೊಳೆಯದಿದ್ದರೂ ಹಬ್ಬ ಕಳೆದರೆ ಕೇಳುವವರಿಲ್ಲ. ಆಸ್ಪತ್ರೆಗಳಲ್ಲಿ ಹಾಸಿಗೆ ಸಿಗದ ಆ ದಿನಗಳಲ್ಲಿ ನಿರ್ಬಂಧ ಅನಿವಾರ್ಯವಾಗಿತ್ತು. ಮುನ್ಸೂಚನೆ ಇಲ್ಲದೆ ಜಾರಿಗೊಳಿಸಿದ್ದು ಅನ್ಯಾಯ.

ಪರಿಹಾರ ತೀರಾ ಅಲ್ಪ. 2020ರ ಜೂನ್‌ನಲ್ಲಿ ಆರಂಭವಾದ ಕೇಂದ್ರದ ಸ್ವನಿಧಿ ಯೋಜನೆ ಬೀದಿ ವ್ಯಾಪಾರಿಗಳಿಗೆ 10,000 ರೂಪಾಯಿ ಕೊಟ್ಟಿತು, ಆದರೆ ಸಾಲವಾಗಿ. 2021ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಘೋಷಿಸಿದ 1,250 ಕೋಟಿಯ ಪ್ಯಾಕೇಜಿನಲ್ಲಿ ಅವರ ಪಾಲು ತಲಾ 2,000. ಬಾಗಿಲು ಮುಚ್ಚಿದ ಬಟ್ಟೆ ಅಂಗಡಿಯ ಬಾಡಿಗೆಗೆ ಅದರಲ್ಲಿ ಬಿಡಿಗಾಸೂ ಇರಲಿಲ್ಲ.

2022ರ ಜನವರಿಯ ವಾರಾಂತ್ಯ ಕರ್ಫ್ಯೂ ಎರಡೇ ವಾರದಲ್ಲಿ ರದ್ದಾಯಿತು. ಅದೇ ವರ್ಷ ಮೇ 3ರ ಈದ್, 2019ರ ನಂತರ ಶಿವಾಜಿನಗರದ ವ್ಯಾಪಾರಿಗಳು ಕರ್ಫ್ಯೂ ಇಲ್ಲದೆ ಕಂಡ ಮೊದಲ ರಂಜಾನ್ ಹಂಗಾಮು.